ಬೆಗೋನಿಯಾ ಗಿಡವನ್ನು ಕೊಳ್ಳುವ ಮುನ್ನ

ಉಡುಪಿ, ಮಣಿಪಾಲಗಳ ನರ್ಸರಿಗಳಲ್ಲಿ ಬೆಗೋನಿಯಾ ಎಂದು ಮಾರುವ ಗಿಡಗಳೆಲ್ಲ ಒಂದೇ ಕುಲದವೆಂದು ನಂಬುವುದು ಕಷ್ಟ. ಒಂದರಲ್ಲಿ ಹೂವೇ ಹೂವು. ಇನ್ನೊಂದರಲ್ಲಿ ಎಲೆಯೇ ಚಿತ್ರಪಟ. ಮತ್ತೊಂದು ಬಿದಿರಿನಂತೆ ಗಿಣ್ಣುಗಿಣ್ಣಾಗಿ ಬೆಳೆಯುವುದು. ಬಣ್ಣಕ್ಕೆ ಮರುಳಾಗಿ ತಂದ ಗಿಡವು ಆಟಿ ತಿಂಗಳ ಮಳೆಯಲ್ಲಿ ಕೊಳೆತುಹೋದರೆ ಅದು ಹೆಚ್ಚಾಗಿ ಬಗೆಯನ್ನರಿಯದೆ ಕೊಂಡುದರ ಫಲ.

ಮೊದಲು ಕುಲಲಕ್ಷಣವನ್ನು ನೋಡೋಣ. ಬೆಗೋನಿಯಾದ ಎಲೆಯನ್ನು ನಡುನರದ ಮೇಲೆ ಮಡಿಸಿದರೆ ಎರಡು ಪಾರ್ಶ್ವಗಳೂ ಸಾಮಾನ್ಯವಾಗಿ ಸರಿಹೊಂದವು. ಒಂದು ದೊಡ್ಡದು, ಒಂದು ಚಿಕ್ಕದು. ಒಂದೇ ಗಿಡದಲ್ಲಿ ಗಂಡುಹೂ, ಹೆಣ್ಣುಹೂಗಳು ಬೇರೆಬೇರೆಯಾಗಿರುವುವು. ಹೆಣ್ಣುಹೂವಿನ ಹಿಂದೆ ಸಾಮಾನ್ಯವಾಗಿ ಮೂರು ರೆಕ್ಕೆಗಳ ಅಂಡಾಶಯವಿರುವುದು. ಬಣ್ಣದೆಲೆಯ ಕೋಲಿಯಸ್ ಗಿಡವನ್ನು ಕಂಡು ಭ್ರಮೆಗೊಳ್ಳಬಾರದು. ಅದರ ದಂಟು ಚೌಕ, ಎಲೆಗಳು ಎದುರುಬದುರು.

ಈ ಕುಲದಲ್ಲಿ 2000ಕ್ಕೂ ಹೆಚ್ಚು ಜಾತಿಗಳಿವೆ. ಫ್ರೆಂಚ್ ಸಸ್ಯವಿಜ್ಞಾನಿ ಪ್ಲುಮಿಯೇ ಎಂಬಾತನು ಮಿಶೆಲ್ ಬೆಗೋನ್ ಎಂಬ ಅಧಿಕಾರಿಯ ಗೌರವಾರ್ಥ ಇದಕ್ಕೆ ಹೆಸರಿಟ್ಟನು. ಇಷ್ಟು ದೊಡ್ಡ ಕುಲವನ್ನು ಹೂವಿನ ಬಣ್ಣದಿಂದ ವಿಂಗಡಿಸಲಾಗದು. ಕೊಳ್ಳುವವನು ನೋಡಬೇಕಾದುದು ಬುಡವನ್ನು. ಕುಂಡದ ಮೇಲ್ಮಣ್ಣನ್ನು ಬೆರಳಿನಿಂದ ಮೆಲ್ಲನೆ ಸರಿಸಿದರೆ ಮೂರು ಬಗೆಗಳು ಗೋಚರಿಸುವುವು.

ಮೊದಲನೆಯದು ನಾರುಬೇರಿನ ಬಗೆ. ಮೇಣ ಹಚ್ಚಿದಂತೆ ಹೊಳೆಯುವ ಎಲೆಗಳ, ಸದಾ ಹೂಬಿಡುವ ಚಿಕ್ಕ ಗಿಡವು ಇದಕ್ಕೆ ಸೇರಿದೆ. ಬಿದಿರಿನಂತಹ ಗಿಣ್ಣುಗಳುಳ್ಳ ಎತ್ತರದ ಬೆಗೋನಿಯಾಗಳ ಬೇರುಗಳೂ ನಾರಿನಂತಹವೇ. ಎರಡನೆಯದರಲ್ಲಿ ಶುಂಠಿಯಂತಹ ದಪ್ಪ ಕಾಂಡವು ಮಣ್ಣಿನ ಮೇಲೆ ಹರಿಯುವುದು. ಬೆಳ್ಳಿ, ನೇರಿಳೆ ಬಣ್ಣಗಳ ಎಲೆಯುಳ್ಳ ರೆಕ್ಸ್ ಬೆಗೋನಿಯಾಗಳನ್ನು ಸಾಮಾನ್ಯವಾಗಿ ಇದರಲ್ಲಿಯೇ ಸೇರಿಸುವರು. ಇವುಗಳ ಮೂಲಜಾತಿಯು ಅಸ್ಸಾಮಿನದು, 1857ರಲ್ಲಿ ವರ್ಣಿತವಾದುದು. ಮೂರನೆಯದು ಗೆಡ್ಡೆಯ ಬಗೆ. ಗುಲಾಬಿಯಷ್ಟು ದೊಡ್ಡ ಹೂಗಳ ತಳಿಗಳು ಇದರಲ್ಲಿವೆ.

ಈ ಭೇದವು ನಮ್ಮ ಜಿಲ್ಲೆಗೆ ಏಕೆ ಮುಖ್ಯ? ದೊಡ್ಡ ಹೂವಿನ ಗೆಡ್ಡೆಯ ತಳಿಗಳ ಪೂರ್ವಜರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದವು. ಅವಕ್ಕೆ ತಂಪಾದ ರಾತ್ರಿಗಳು ಬೇಕು. ಕರಾವಳಿಯ ಬೆಚ್ಚನೆಯ ರಾತ್ರಿಗಳಲ್ಲಿ ಅವು ಸೊರಗುವುವು. ಶುಂಠಿಕಾಂಡದವು ನೆರಳನ್ನೂ ಆರ್ದ್ರ ಗಾಳಿಯನ್ನೂ ಮೆಚ್ಚಿದರೂ ಬುಡದಲ್ಲಿ ನೀರು ನಿಂತರೆ ಕೊಳೆಯುವುವು. ಆದುದರಿಂದ ಮಳೆಗಾಲದಲ್ಲಿ ಅವುಗಳ ಸ್ಥಾನವು ಜಗಲಿಯೇ ಹೊರತು ಅಂಗಳವಲ್ಲ. ಹೊಸದಾಗಿ ಬೆಳೆಸುವವರಿಗೆ ನಾರುಬೇರಿನ ಗಿಣ್ಣುಗಿಡಗಳು ಉತ್ತಮ. ಕಾಪುವಿನ ಕಡಲತೀರದಲ್ಲಿ ಮಾತ್ರ ಯಾವ ಬಗೆಯನ್ನೇ ಆಗಲಿ ಉಪ್ಪುಗಾಳಿಗೆ ಮರೆಯಾಗಿ ಇಡಬೇಕು.

ಗೆಡ್ಡೆಯ ಬಗೆಯೆಲ್ಲವೂ ನಮಗೆ ಪರಕೀಯವೆಂದಲ್ಲ. ಕಾರ್ಕಳವನ್ನು ದಾಟಿ ಪೂರ್ವಕ್ಕೆ ಹೋದರೆ ಪಶ್ಚಿಮ ಘಟ್ಟದ ಸೀಮೆ. ಘಟ್ಟದ ಒದ್ದೆ ಬಂಡೆಗಳ ಮೇಲೆ ಬೆಗೋನಿಯಾ ಕ್ರೆನಾಟ ಎಂಬ ಪುಟ್ಟ ಕಾಡುಗಿಡವು ಮಳೆಯೊಡನೆ ಚಿಗುರಿ, ಹೂಬಿಟ್ಟು, ಮಳೆ ನಿಂತ ಮೇಲೆ ಒಣಗುವುದು. ಅದು ಸತ್ತಿತೆಂದು ತಿಳಿಯಬಾರದು. ಗೆಡ್ಡೆಯು ಮುಂದಿನ ಮಳೆಗಾಗಿ ಕಾಯುತ್ತಿರುವುದು. ಕುಂಡದ ಗೆಡ್ಡೆಗಿಡವು ಒಣಗಿದಾಗಲೂ ಎಸೆಯುವ ಮುನ್ನ ಮಣ್ಣನ್ನು ಕೆದಕಿ ನೋಡಬೇಕು. ಬುಡವನ್ನು ನೋಡಿ ಕೊಂಡವನಿಗೆ ಗಿಡದ ಮುಂದಿನ ಬಾಳೂ ಅಲ್ಲಿಯೇ ತಿಳಿಯುವುದು.