ಬಿರಿದ ದಾಳಿಂಬೆಯಿಂದ ವಿನಿಗರ್
ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ದಾಳಿಂಬೆ ಬೆಳೆಗಾರರೇ, ಒಣಗಿದ ಮಣ್ಣಿಗೆ ಒಮ್ಮೆಲೇ ಮಳೆ ಬಿದ್ದರೆ ಹಣ್ಣು ಬಿರಿಯುತ್ತದೆ, ಬೆಲೆಯೂ ಬೀಳುತ್ತದೆ. ಅದನ್ನು ತಿಪ್ಪೆಗೆ ಎಸೆಯಬೇಡಿರಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಹಣ್ಣಿನ ಮದ್ಯ ತಯಾರಿಸುವಂತಿಲ್ಲ. ಪೇಟೆಯ ವಿನಿಗರಿಗೆ ಹಣ್ಣಿನ ಸ್ವಾದ ಕೊಡಲು ಈ ತೊಡಕಿಲ್ಲ.

ಆಗತಾನೆ ಬಿರಿದ, ಕೊಳೆ-ಹುಳುಕಿಲ್ಲದ ಹಣ್ಣಿನ 2 ಬಟ್ಟಲು ಕಾಳನ್ನು ತೊಳೆದು ತುಸು ಜಜ್ಜಿರಿ. ಗಾಜಿನ ಭರಣಿಯನ್ನು 10 ನಿಮಿಷ ನೀರಿನಲ್ಲಿ ಕುದಿಸಿ, ಬಿಸಿ ಇರುವಾಗಲೇ ಕಾಳು ತುಂಬಿರಿ. ಶೇ. 5 ಆಮ್ಲವಿರುವ ಅರ್ಧ ಲೀಟರ್ ವಿನಿಗರನ್ನು ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ, ಕುದಿ ಬರುವ ಮುನ್ನ ಇಳಿಸಿ ಸುರಿಯಿರಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಬೇಡ. ನೀರು ಬೆರೆಸಬೇಡಿರಿ, ಹುಳಿ ತಗ್ಗಿದರೆ ಕೆಡುತ್ತದೆ. ತಂಪಾದ ಕತ್ತಲಲ್ಲಿ 3 ವಾರ ಮುಚ್ಚಿಟ್ಟು ಸೋಸಿರಿ. 3 ತಿಂಗಳೊಳಗೆ ಬಳಸಿರಿ. ನೊರೆಯೆದ್ದರೆ, ಬಗ್ಗಡವಾದರೆ ಚೆಲ್ಲಿಬಿಡಿರಿ.