ಟೈರು ದೊಡ್ಡದಾಯಿತು, ಜೀಪಿನ ಶಕ್ತಿ ಎಲ್ಲಿ ಹೋಯಿತು?

ಮಲೆನಾಡಿನ ಮಳೆಗಾಲಕ್ಕೂ ಜೀಪಿಗೂ ಹಳೆಯ ನಂಟು. ತೋಟದ ಕೆಮ್ಮಣ್ಣಿನ ದಾರಿ ನೆನೆದು ಬೆಣ್ಣೆಯಂತಾದಾಗ, ಹೊಟ್ಟೆ ನೆಲಕ್ಕೆ ತಾಗದಂತೆ ದಾಟುವ ವಾಹನವೇ ಬೇಕು. ಹಾಗಾಗಿಯೇ ಜೀಪಿನ ಮಾಲೀಕರಿಗೆ ದೊಡ್ಡ ಟೈರಿನ ಮೇಲೆ ಕಣ್ಣು. ಟೈರು ಎತ್ತರವಾದರೆ ಆಕ್ಸಲ್ ನೆಲದಿಂದ ಮೇಲೇಳುತ್ತದೆ, ಗುಂಡಿ ಸಣ್ಣದೆನಿಸುತ್ತದೆ. ನೋಡುವುದಕ್ಕೂ ಗತ್ತು!

ಆದರೆ ಮೊದಲ ಏರಿನಲ್ಲೇ ಸಂಭ್ರಮ ಇಳಿಯುತ್ತದೆ. ನಿನ್ನೆಯವರೆಗೆ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಜೀಪು ಇಂದು ಏದುಸಿರು ಬಿಡುತ್ತದೆ. ಚಾಲಕ ಕ್ಲಚ್ಚನ್ನು ಅರ್ಧ ಒತ್ತಿ ಹೇಗೋ ಸಂಭಾಳಿಸುತ್ತಾನೆ. ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಬೈಗುಳವೆಲ್ಲ ಎಂಜಿನ್ನಿಗೆ. ಪಾಪ, ಎಂಜಿನ್ನಿಗೆ ಏನೂ ಆಗಿರುವುದಿಲ್ಲ. ಬದಲಾದದ್ದು ಲೆಕ್ಕ.

ಹಲ್ಲುಗಳ ಲೆಕ್ಕ

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್ ದಾಟಿ ಕೊನೆಗೆ ಬರುವುದು ಆಕ್ಸಲ್‌ನ ನಡುವಿನ ಗುಂಡಗಿನ ಪೆಟ್ಟಿಗೆಗೆ. ಅದರೊಳಗೆ ಪುಟ್ಟ ಪಿನಿಯನ್ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 41 ಹಲ್ಲು ಇದ್ದರೆ ಅನುಪಾತ 4.10. ಅಂದರೆ ಟೈರು ಒಂದು ಸುತ್ತು ಬರಲು ಪಿನಿಯನ್ ನಾಲ್ಕು ಸುತ್ತಿಗೂ ತುಸು ಹೆಚ್ಚು ತಿರುಗಬೇಕು. ಸಂಖ್ಯೆ ಹೆಚ್ಚಿದಷ್ಟೂ ಎಳೆಯುವ ಬಲ ಹೆಚ್ಚು, ಓಟ ಕಡಿಮೆ.

29 ಅಂಗುಲದ ಟೈರು ತೆಗೆದು 33 ಅಂಗುಲದ್ದು ಹಾಕಿದರೆ ಏನಾಗುತ್ತದೆ? ಪ್ರತಿ ಸುತ್ತಿಗೆ ವಾಹನ ಒಂದಡಿಗೂ ಹೆಚ್ಚು ಮುಂದೆ ಸಾಗುತ್ತದೆ. ಆ ಹೆಚ್ಚುವರಿ ಓಟಕ್ಕೆ ಬೆಲೆಯಾಗಿ ಎಳೆತದ ಬಲ ಶೇಕಡಾ 12ರಷ್ಟು ಕುಗ್ಗುತ್ತದೆ. ಸ್ಪೀಡೋಮೀಟರ್ 60 ಎನ್ನುವಾಗ ನಿಜವಾದ ವೇಗ 68.

ಇದಕ್ಕೆ ಪರಿಹಾರ ಶಾಲೆಯ ತ್ರೈರಾಶಿ. ಹಳೆಯ ಅನುಪಾತವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೆಯ ಟೈರಿನ ಎತ್ತರದಿಂದ ಭಾಗಿಸಬೇಕು. 4.10 ಇದ್ದದ್ದು 4.67 ಆಗಬೇಕೆಂದು ಉತ್ತರ ಬರುತ್ತದೆ. ಆದರೆ ಹಲ್ಲುಗಳನ್ನು ಮನಬಂದಂತೆ ಕತ್ತರಿಸಲಾಗದು. ಸಾಮಾನ್ಯವಾಗಿ ಸಿಗುವುದು 4.56 ಇಲ್ಲವೇ 4.88. ಟಾರು ರಸ್ತೆಯ ಓಡಾಟವೇ ಹೆಚ್ಚಾದರೆ ಮೊದಲನೆಯದು. ಏರು, ಕೆಸರು, ಹೊರೆ ಹೆಚ್ಚಾದರೆ ಎರಡನೆಯದು. ದೊಡ್ಡ ಟೈರಿನ ತೂಕವೂ ಹೆಚ್ಚೆಂಬುದನ್ನು ಇಲ್ಲಿ ಮರೆಯಬಾರದು.

ಯುದ್ಧದಿಂದ ಹೊಲಕ್ಕೆ

ಈ ಆಯ್ಕೆ ಜೀಪಿನಷ್ಟೇ ಹಳೆಯದು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಅನುಪಾತ 4.88. ಯುದ್ಧ ಮುಗಿದು 1945ರಲ್ಲಿ ಅದೇ ಜೀಪು ರೈತರಿಗೆಂದು ಹೊರಬಂದಾಗ ಅದು 5.38ಕ್ಕೆ ಏರಿತ್ತು. ಸೈನಿಕನಿಗೆ ಓಡುವುದು ಮುಖ್ಯ, ರೈತನಿಗೆ ಎಳೆಯುವುದು. ಇತ್ತೀಚಿನ ಉದಾಹರಣೆಯೂ ಇದೆ. ಅಮೆರಿಕದ ಜೀಪ್ ರ‍್ಯಾಂಗ್ಲರ್ ರುಬಿಕಾನ್ 33 ಅಂಗುಲದ ಟೈರಿಗೆ 4.10 ಅನುಪಾತ ಹೊಂದಿತ್ತು. 2021ರಲ್ಲಿ ಅದಕ್ಕೆ ಕಾರ್ಖಾನೆಯೇ 35 ಅಂಗುಲದ ಟೈರು ಕೊಟ್ಟಾಗ ಅನುಪಾತವನ್ನು 4.56 ಮಾಡಿತು. ತ್ರೈರಾಶಿ ಕೇಳಿದ್ದು ಸುಮಾರು 4.35 ಮಾತ್ರ!

ಅತಿಯಾಸೆಯೂ ಸಲ್ಲದು. ಅನುಪಾತ ಏರಿದಂತೆ ಪಿನಿಯನ್ ಸಣ್ಣದಾಗುತ್ತದೆ, ಅದರ ಕಸುವೂ ತಗ್ಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಸುಮ್ಮನೆ ಕಿರುಚಿ ಇಂಧನ ಕುಡಿಯುತ್ತದೆ.

ಎರಡೂ ಒಂದೇ ಇರಲಿ

ಫೋರ್ ವೀಲ್ ಡ್ರೈವ್ ವಾಹನದಲ್ಲಿ ಹಿಂದಿನ ಆಕ್ಸಲ್ ಒಂದನ್ನೇ ಬದಲಿಸಿ ಹಣ ಉಳಿಸಿದೆನೆಂದು ಬೀಗುವವರಿದ್ದಾರೆ. ಮುಂದಿನದು ಒಂದು ವೇಗ, ಹಿಂದಿನದು ಇನ್ನೊಂದು ವೇಗ ಹೇಳತೊಡಗಿದರೆ ಒಂದೇ ನೊಗಕ್ಕೆ ಎಮ್ಮೆ, ಕುದುರೆ ಕಟ್ಟಿದಂತೆ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟ ಕೂಡಲೇ ಎರಡು ಆಕ್ಸಲ್‌ಗಳು ಜಗಳಕ್ಕೆ ನಿಂತು ನಡುವಿನ ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು. ಬದಲಿಸಿದರೆ ಎರಡನ್ನೂ ಬದಲಿಸಬೇಕು. ಹಲ್ಲುಗಳ ನಡುವಿನ ಸಡಿಲ ಕೂದಲೆಳೆಯ ಲೆಕ್ಕದ್ದಾದ್ದರಿಂದ ಕ್ರೌನ್-ಪಿನಿಯನ್ ಕೂರಿಸುವುದು ಪಳಗಿದ ಕೈಯ ಕೆಲಸ.

ಇಳಿಜಾರಿನ ಪ್ರಶ್ನೆ

ಎಲ್ಲರೂ ಏರಿನ ಬಗ್ಗೆ ಯೋಚಿಸುತ್ತಾರೆ. ಅಪಾಯ ಕಾದಿರುವುದು ಇಳಿಜಾರಿನಲ್ಲಿ. ಟೈರು ದೊಡ್ಡದಾದರೆ ಗೇರು ಹಿಡಿದು ನಿಲ್ಲಿಸುವ ಎಂಜಿನ್ನಿನ ಬಿಗಿ ಸಡಿಲವಾಗುತ್ತದೆ, ಬ್ರೇಕಿನ ಹಿಡಿತವೂ ಅಷ್ಟೇ ಕಡಿಮೆಯಾಗುತ್ತದೆ. ಅನುಪಾತ ಸರಿಪಡಿಸಿದರೆ ಎಂಜಿನ್ನಿನ ಬಿಗಿ ಮರಳುತ್ತದೆ, ಬ್ರೇಕಿನದು ಮರಳುವುದಿಲ್ಲ. ಹತ್ತಲಾಗದ ಜೀಪು ನಿಂತುಬಿಡುತ್ತದೆ. ಇಳಿಯುವಾಗ ನಿಲ್ಲಲಾಗದ ಜೀಪಿನ ಗತಿ ಘಟ್ಟದವರಿಗೆ ಹೇಳಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆದ್ದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

ದೊಡ್ಡ ಟೈರಿನ ಬೆಲೆ ಅಂಗಡಿಯ ರಸೀದಿಗೆ ಮುಗಿಯುವುದಿಲ್ಲ. ಎರಡು ಆಕ್ಸಲ್, ಬ್ರೇಕು ಮತ್ತು ಕಾನೂನು ಮೂರನ್ನೂ ಕೂಡಿಸಿ ನೋಡಿದ ಮೇಲೂ ಲೆಕ್ಕ ಸರಿಹೊಂದಿದರೆ ಹಾಕಿಸಬಹುದು. ಹೊಂದದಿದ್ದರೆ, ಹಳೆಯ ಟೈರಿಗೇ ಎರಡು ಸುತ್ತು ಸರಪಳಿ ಬಿಗಿದು ಕೆಸರು ದಾಟಿದ ಹಿಂದಿನವರ ಉಪಾಯ ಇದ್ದೇ ಇದೆ.