ಮುನಿಸೇ ಬೇರೆ, ಕಿರಿಕಿರಿಯೇ ಬೇರೆ

ಕರಿಹಲಗೆಯ ಮೇಲೆ ಸೀಮೆಸುಣ್ಣ ಕರ್ಕಶ ದನಿ ಹೊರಡಿಸಿದರೆ ಇಡೀ ತರಗತಿ ಕಿವಿ ಮುಚ್ಚಿಕೊಳ್ಳುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 2,000ದಿಂದ 5,000 ಕಂಪನಗಳ ಶಬ್ದಕ್ಕೆ ಅತಿ ಸೂಕ್ಷ್ಮ. ಆ ಕೀರಲಿನಲ್ಲಿ ಇಂಥ ಕಂಪನಗಳೂ ಇರುತ್ತವೆ. ಆಗ ಹುಟ್ಟುವುದು ಸಿಟ್ಟಲ್ಲ, ಕೋಪವೂ ಅಲ್ಲ, 'ಕಿರಿಕಿರಿ'. ಪದದಲ್ಲೇ ಕೀರಲು ಕೇಳಿಸುತ್ತದೆ! ಹೊಸ ಅಂಗಿಯ ಕಾಲರು ಕತ್ತಿಗೆ ಉಜ್ಜಿದರೂ ಕಿರಿಕಿರಿಯೇ. ಅದಕ್ಕೆ ಎದುರಾಳಿ ಬೇಕಿಲ್ಲ. ಕಾರಣ ತೆಗೆದರೆ ಅದೂ ಹೋಗುತ್ತದೆ.

ಮುನಿಸು ಹಾಗಲ್ಲ. ಅದಕ್ಕೆ ಸಲುಗೆ ಬೇಕು. ಬಸ್ಸಿನಲ್ಲಿ ಕಾಲು ತುಳಿದ ಅಪರಿಚಿತನ ಮೇಲೆ ರೇಗಬಹುದು, ಸಿಡುಕಬಹುದು, ಮುನಿಸಿಕೊಳ್ಳಲು ಬರುವುದಿಲ್ಲ. ಗಂಡನ ಮೇಲೆ, ಅಣ್ಣನ ಮೇಲೆ, ಗೆಳತಿಯ ಮೇಲೆ ಮುನಿಸು. ಮಳೆ ಕೈಕೊಟ್ಟಾಗ ರೈತರು 'ಮಳೆರಾಯ ಮುನಿದ' ಎನ್ನುತ್ತಾರೆ. ಅವರಿಗೆ ಅವನೂ ಮನೆಯವನೇ. ಮುನಿದವರು ಊಟ ಬೇಡವೆಂದು ಮಲಗಿದರೂ, ಯಾರಾದರೂ ಬಂದು ಕರೆಯಲಿ ಎಂಬ ಆಸೆ ಒಳಗಿರುತ್ತದೆ.

ಊರೂರಿಗೂ ಬೇರೆ ಮಾತು. ಧಾರವಾಡದ ಕಡೆ 'ತ್ರಾಸ', ಕರಾವಳಿ, ಮಲೆನಾಡುಗಳಲ್ಲಿ 'ಮಂಡೆಬಿಸಿ'. 'ರಗಳೆ'ಯ ಪಾಡಂತೂ ಪಾಪ! ಹರಿಹರ ಕವಿ ಶಿವಶರಣರ ಕಥೆ ಹೇಳಿದ ಛಂದಸ್ಸಿನ ಹೆಸರು ಇಂದು ನಲ್ಲಿ ನೀರಿನ ತಂಟೆಗೂ ಸಲ್ಲುತ್ತದೆ. 'ಪಿತ್ತ ನೆತ್ತಿಗೇರಿತು' ಎನ್ನುವುದನ್ನು ಶರೀರಶಾಸ್ತ್ರ ಒಪ್ಪುವುದಿಲ್ಲ. ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸ ಇಳಿಯುವುದು ಸಣ್ಣ ಕರುಳಿಗೆ, ನೆತ್ತಿಗೆ ಅದಕ್ಕೆ ದಾರಿಯಿಲ್ಲ. 'ಮೈ ಉರಿಯಿತು' ಎಂಬುದು ಮಾತ್ರ ಸತ್ಯಕ್ಕೆ ಹತ್ತಿರ. ಸಿಟ್ಟಿನಲ್ಲಿ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಮುಖ ಕೆಂಪಾಗಿ ಬಿಸಿಯಾಗುತ್ತದೆ.

ಈಗ ಅನೇಕ ಮನೆಗಳಲ್ಲಿ ಇಷ್ಟೆಲ್ಲಕ್ಕೂ ಎರಡೇ ಮಾತು: 'ಟೆನ್ಷನ್', 'ಇರಿಟೇಟ್'. ಹೊಸ ಮಾತು ಬರಲಿ, ಬೇಡವೆನ್ನುವವರು ಯಾರು? ಆದರೆ ಶಾಲೆಯಿಂದ ಬಂದ ಮಗಳು ಚೀಲ ಬಿಸಾಡಿ, "ಅಮ್ಮಾ, ಇರಿಟೇಟ್ ಆಗ್ತಿದೆ" ಎಂದರೆ ತಾಯಿ ಏನೆಂದು ತಿಳಿಯಬೇಕು? ಸೆಕೆಯ ಕಿರಿಕಿರಿಯಾದರೆ ಫ್ಯಾನ್ ಹಾಕಿದರೆ ಆಯಿತು. ಹಸಿವಿನ ಸಿಡುಕಾದರೆ ಎರಡು ದೋಸೆ ಸಾಕು. ಬೆಳಿಗ್ಗೆ ತಾಯಿಯೇ ಆಡಿದ ಮಾತಿಗೆ ಹುಟ್ಟಿದ ಮುನಿಸಾದರೆ ಪಕ್ಕದಲ್ಲಿ ಕೂತು ತಲೆ ಸವರಬೇಕು. ಅದು ತಿಳಿಯದೆ ಆಕೆ ಫ್ಯಾನಿನ ಸ್ವಿಚ್ ಒತ್ತಿ ಅಡುಗೆಮನೆಗೆ ಹೋದರೆ, ಮುನಿಸು ಸಿಟ್ಟಾಗಲು ಹೆಚ್ಚು ಹೊತ್ತು ಬೇಡ.